ಟೈಪಿಸ್ಟಮ್ಮ ಮಗಳಿಗೆ ಬರೆದ ಶಿಫಾರಸು

ಮಗಳಿಗೆ ಸಿಗಲಿಲ್ಲ, ಅತಿಥಿಗೆ ಸಿಕ್ಕಿತು ಎಂದು ಲ್ಯಾಬಿನ ಮುದಿ ಅಟೆಂಡರ್ ಬಂದು ಹೇಳಿದಾಗ ಟೈಪಿಸ್ಟಮ್ಮ ನಂಬಲಿಲ್ಲ. ಬೇಸಿಗೆ ರಜೆಯ ಎರಡು ತಿಂಗಳು ದೊಡ್ಡ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿಗಳ ಜೊತೆ ಕೆಲಸ ಮಾಡುವ ಫೆಲೋಶಿಪ್ ಅದು. ಪದವಿಯ ಎರಡನೆಯ ವರ್ಷದಲ್ಲಿದ್ದ ಮಗಳು ಅದರ ಅರ್ಜಿಗಾಗಿ ಊಟ, ನಿದ್ದೆ ಎರಡನ್ನೂ ಮರೆತಿದ್ದಳು. ಅತಿಥಿ ಎಂದರೆ ಅವಳ ತರಗತಿಯವನೇ. ಲ್ಯಾಬಿಗೆ ಅಪರೂಪಕ್ಕೆ ನೆಂಟನಂತೆ ಬಂದು ಹೋಗುತ್ತಿದ್ದನೆಂದು ಆ ಹೆಸರು.

“ಅವನಿಗೆ ಸಿಕ್ತಾ?” ಎಂದು ಟೈಪಿಸ್ಟಮ್ಮ ಮೂರು ಸಲ ಕೇಳಿದಳು. ಅಟೆಂಡರ್ ಮೂರು ಸಲವೂ ಹೌದೆಂದ.

ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅವಳದು ಇಪ್ಪತ್ತೆರಡು ವರ್ಷದ ನೌಕರಿ, ಮಗಳು ಓದುತ್ತಿದ್ದುದೂ ಅಲ್ಲೇ. ಮುಖ್ಯಸ್ಥರ ಕೋಣೆಗೂ ಲ್ಯಾಬಿಗೂ ನಡುವೆ ಒಂದು ಕಿರುಕೋಣೆ, ಅದರಲ್ಲಿ ಒಂದು ಬೀರು, ಪಕ್ಕೆಗೆ ಎರಡು ಏಟು ಬಿದ್ದರೆ ಮಾತ್ರ ಕಾಗದ ಉಗುಳುವ ಪ್ರಿಂಟರು. ಆ ವಿಭಾಗದಲ್ಲಿ ಹಿಂದಿನಿಂದ ನಡೆದುಬಂದ ರೂಢಿಯೊಂದಿತ್ತು. ವರ್ಷದ ಆರಂಭದಲ್ಲಿ ಮುಖ್ಯಸ್ಥರು ಐವತ್ತು ಖಾಲಿ ಹಾಳೆಗಳ ಅಡಿಯಲ್ಲಿ ಸಹಿ ಹಾಕಿ ಅವಳ ಕೈಗೆ ಕೊಟ್ಟುಬಿಡುತ್ತಿದ್ದರು. “ಮಕ್ಕಳು ಶಿಫಾರಸು ಪತ್ರ ಕೇಳಿದ್ರೆ ನೀವೇ ತುಂಬಿಸಿ ಕಳಿಸಿಬಿಡಿ, ನಿಮಗೆ ಎಲ್ಲಾ ಗೊತ್ತಲ್ಲ.” ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ದೇವರು ಸಹಿ ಹಾಕಿ ಮಲಗಿದ್ದ, ಪೂಜಾರಿ ಬಂದವರಿಗೆಲ್ಲ ವರ ಕೊಡುತ್ತಿದ್ದಳು.

ವರದ ಒಕ್ಕಣೆ ಮಾತ್ರ ಒಂದೇ. ‘ಸ್ವತಂತ್ರವಾಗಿ ಯೋಚಿಸುವ ವಿದ್ಯಾರ್ಥಿ. ಯಾವುದನ್ನೂ ಪ್ರಶ್ನಿಸದೆ ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ಇಂಥವರು ಅಪರೂಪ.’ ಯಾವ ಕಾಲದ ಮುಖ್ಯಸ್ಥರು ಬರೆದದ್ದೋ, ಅವಳು ಹೆಸರು ಬದಲಿಸಿ ಅಚ್ಚು ಹಾಕುತ್ತಿದ್ದಳು ಅಷ್ಟೆ. ಹೀಗೆ ಅಪರೂಪದವರ ಸಂಖ್ಯೆ ಇನ್ನೂರು ದಾಟಿತ್ತು. ಅತಿಥಿಯೂ ಅವರಲ್ಲೊಬ್ಬ.

ಮಗಳ ಸರದಿ ಬಂದಾಗ ಅವಳ ಕೈ ತಡೆಯಿತು. ಊರಿಗೆಲ್ಲ ಹಂಚಿದ ಹಳೇ ಮಾತನ್ನು ಹೆತ್ತ ಮಗಳಿಗೂ ಅಂಟಿಸುವುದೇ? ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳು ಸ್ವಂತವಾಗಿ ಒಂದು ಪತ್ರ ಬರೆದಳು. ಮೂರು ಮಧ್ಯಾಹ್ನ ಕೂತು, ತಿದ್ದಿ ತೀಡಿ, ಗಂಡನಿಗೂ ತೋರಿಸದೆ ಬರೆದಳು. ಪತ್ರ ಗುಟ್ಟಾಗಿ ನೇರ ಸಂಸ್ಥೆಗೇ ಹೋಗಬೇಕೆಂಬುದು ನಿಯಮ. ಹಾಗಾಗಿ ಮಗಳಿಗೂ ಅದರ ಸುಳಿವಿರಲಿಲ್ಲ. ಕಳಿಸಿದ ದಿನ ಟೈಪಿಸ್ಟಮ್ಮ ಮನೆಗೆ ನಡೆದು ಹೋಗಲಿಲ್ಲ, ತೇಲಿಕೊಂಡು ಹೋದಳು.

ಈಗ ಅವಳಿಗೆ ಏನೂ ತಿಳಿಯುತ್ತಿಲ್ಲ. ಹಳೇ ಪತ್ರ ಗೆದ್ದಿತು, ಹೊಸದು ಸೋತಿತು. ಅದು ಹೇಗೆ?

ಮರುದಿನ ಹನ್ನೊಂದರ ಹೊತ್ತಿಗೆ ಮಗಳು ಕಿರುಕೋಣೆಗೆ ಬಂದಳು. ಕೈಯಲ್ಲಿ ಫೋನು, ಮುಖ ಬಿಳಿಚಿತ್ತು. ಎಲ್ಲರೂ ಸುಮ್ಮನಾಗುವ ಕಡೆ ಇವಳು ಸುಮ್ಮನಾಗುವವಳಲ್ಲ. ನನಗೇಕೆ ಸಿಗಲಿಲ್ಲ ಎಂದು ಸಂಸ್ಥೆಗೇ ಬರೆದು ಕೇಳಿದ್ದಳು. ಅವರೂ ಉತ್ತರ ಕೊಟ್ಟಿದ್ದರು.

“ಕೇಳಮ್ಮ ಇದನ್ನ,” ಎಂದು ಓದಿದಳು. “ನಿಮ್ಮ ಅಂಕಗಳೂ ಯೋಜನೆಯೂ ಚೆನ್ನಾಗಿದ್ದವು. ಆದರೆ ನಿಮ್ಮ ಪ್ರಾಧ್ಯಾಪಕರ ಪತ್ರದ ಪ್ರಕಾರ ನೀವು ಹೇಳಿದ್ದನ್ನಷ್ಟೇ ಮಾಡುವವರು, ಪ್ರಶ್ನೆ ಕೇಳದವರು. ನಮಗೆ ಬೇಕಾದದ್ದು ಪ್ರಶ್ನೆ ಕೇಳುವವರು.”

ಟೈಪಿಸ್ಟಮ್ಮ ಪತ್ರದ ಪ್ರತಿಯಿದ್ದ ಬೀರುವಿನ ಬಾಗಿಲು ಮುಚ್ಚಿದಳು.

“ಸರ್ ನನ್ನ ಬಗ್ಗೆ ಹೀಗ್ಯಾಕೆ ಬರೆದ್ರು? ನಾನೇನು ಮಾಡಿದೆ ಅವರಿಗೆ? ಈಗಲೇ ಹೋಗಿ ಕೇಳ್ತೀನಿ.”

“ಬೇಡ ಕಣೆ, ನಿಂತ್ಕೋ,” ಎನ್ನುವಷ್ಟರಲ್ಲಿ ಮಗಳು ಪಕ್ಕದ ಕೋಣೆ ಹೊಕ್ಕಾಗಿತ್ತು. ಹಿಂದೆಯೇ ತಾಯಿ ಓಡಿದಳು.

ಮುಖ್ಯಸ್ಥರು ಕನ್ನಡಕ ಏರಿಸಿ ಫೋನಿನ ಉತ್ತರ ಓದಿದರು. “ನಾನು ಹೀಗೆ ಬರೆದ್ನಾ?” ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ ತಾವು ಏನನ್ನೂ ಬರೆದೇ ಇಲ್ಲ ಎಂಬುದು ನೆನಪಾಗಿ ಮುಖ ಪೆಚ್ಚಾಯಿತು. “ಅಮ್ಮ, ಪತ್ರದ ಪ್ರತಿ ತನ್ನಿ ಇಲ್ಲಿ.”

ತರದೆ ಇರುವಂತಿರಲಿಲ್ಲ. ಬೀರುವಿನಿಂದ ತೆಗೆದು ತಂದುಕೊಟ್ಟಳು. ಅವರು ತಮ್ಮ ಸಹಿಯಿದ್ದ ಪತ್ರವನ್ನು ಮೊದಲ ಸಲ, ಅದೂ ಗಟ್ಟಿಯಾಗಿ, ಓದತೊಡಗಿದರು. “ಈಕೆ ಬಹಳ ವಿಧೇಯಳು. ಹಿರಿಯರ ಮಾತಿಗೆ ಎದುರಾಡುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾಳೆ. ಅನುಮತಿಯಿಲ್ಲದೆ ಯಾವ ಉಪಕರಣವನ್ನೂ ಮುಟ್ಟುವುದಿಲ್ಲ...”

ಅಲ್ಲಿಗೆ ನಿಲ್ಲಿಸಿ ತಲೆ ಎತ್ತಿದರು. “ಎಲೆ ಒಣಗಿಸೋ ಒವನ್ ಅರವತ್ತು ಡಿಗ್ರಿ ತೋರಿಸ್ತಿದ್ರೂ ಒಳಗೆ ಐವತ್ತೆರಡೇ ಇದೆ ಅಂತ, ಯಾರನ್ನೂ ಕೇಳದೆ ಥರ್ಮಾಮೀಟರ್ ಇಟ್ಟು ಕಂಡುಹಿಡಿದೋಳು ಇವಳೇ ತಾನೇ? ಲ್ಯಾಬಿನ ಮೂರು ವರ್ಷದ ಲೆಕ್ಕ ಪೂರ್ತಿ ತಪ್ಪು ಅಂತ ನನಗೇ ಬಂದು ಹೇಳಿದ್ಲಲ್ರೀ. ಅದೊಂದು ಬರೆದಿದ್ರೆ ಸಾಕಿತ್ತಲ್ಲ!”

ಟೈಪಿಸ್ಟಮ್ಮನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ದೊಡ್ಡವರ ಎದುರು ಹೀಗಾ ಮಾತಾಡೋದು ಎಂದು ನಾಚಿಕೆಯಿಂದ ಕುಗ್ಗಿಹೋಗಿದ್ದಳು. ಸಂಜೆ ಮಗಳನ್ನು ಎಳೆದು ತಂದು, ಇದೇ ಕೋಣೆಯಲ್ಲಿ ತಪ್ಪಾಯ್ತು ಎನ್ನಿಸಿದ್ದಳು.

ಮಗಳು ಪತ್ರವನ್ನು ಕೈಗೆ ತೆಗೆದುಕೊಂಡು ತಾನೇ ಓದಿದಳು. ಮನೆಗೆ ಬಂದ ನೆಂಟರಿಷ್ಟರ ಮುಂದೆಲ್ಲ ಅಮ್ಮ ತನ್ನ ಬಗ್ಗೆ ಹೇಳುವ ಮಾತುಗಳೇ ಸಾಲು ಸಾಲಾಗಿ ಅಲ್ಲಿ ಕೂತಿದ್ದವು.

“ಇದು ನೀನು ಬರೆದದ್ದು,” ಎಂದಳು.

ತಾಯಿ ತಲೆಯಾಡಿಸಿದಳು.

“ನಾನು ಯಾವತ್ತಮ್ಮ ಹೀಗಿದ್ದೆ? ನಾನು ಹೇಗಿದೀನಿ ಅಂತ ನಿನಗೆ ಗೊತ್ತಿಲ್ವಾ?”

“ಗೊತ್ತು ಕಣೆ. ಗೊತ್ತಿದ್ದಕ್ಕೇ ಬರೆದೆ. ನಿನ್ನ ಬಾಯಿ ಜೋರು, ಎಲ್ಲದಕ್ಕೂ ಯಾಕೆ ಅಂತೀಯ. ಅದು ಗೊತ್ತಾದ್ರೆ ನಿನ್ನನ್ನ ಯಾರೂ ಸೇರಿಸ್ಕೊಳ್ಳಲ್ಲ ಅಂದ್ಕೊಂಡೆ. ಮುಚ್ಚಿಟ್ಟೆ.”

ಮುಖ್ಯಸ್ಥರು ಸಂಸ್ಥೆಗೆ ಫೋನು ಮಾಡುವುದಾಗಿ ಗೊಣಗಿದರು. ಪಟ್ಟಿ ಪ್ರಕಟವಾದ ಮೇಲೆ ಅದು ತೌಡು ಕುಟ್ಟುವ ಕೆಲಸವೆಂದು ಅವರಿಗೂ ಗೊತ್ತಿತ್ತು. ಟೈಪಿಸ್ಟಮ್ಮ ಬರೆದಳೆಂದು ಬೈಯುವಂತೆಯೂ ಇರಲಿಲ್ಲ. ಅಡಿಯಲ್ಲಿದ್ದ ಸಹಿ ಅವರದು.

ಮಗಳು ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟಳು. ತಾಯಿ ಅವಳ ಮುಂದಿನ ಮಾತಿಗೆ ಕಾದಳು. ಯಾಕೆ ಎನ್ನಲಿ, ಕೂಗಾಡಲಿ, ಜಗಳ ಆಡಲಿ. ಮಗಳು ತುಟಿ ಎರಡು ಮಾಡಲಿಲ್ಲ.

“ಏನಾದ್ರೂ ಕೇಳೇ,” ಎಂದು ತಾಯಿ ತೋಳು ಹಿಡಿದು ಬೇಡಿಕೊಂಡಳು.

“ನೀನು ಹೇಳಿದ ಹಾಗೇ ಆಗ್ಲಿ ಬಿಡಮ್ಮ,” ಎಂದಳು ಮಗಳು, ತಗ್ಗಿದ ದನಿಯಲ್ಲಿ, ಪತ್ರದಲ್ಲಿದ್ದ ಹುಡುಗಿಯ ಹಾಗೇ.