ಒಂದೇ ಕಲ್ಲಿನ ಎರಡು ಪೊಟ್ಟಣ

ಶಿವಲಿಂಗಪ್ಪನವರು ಹೊಸ ಹುಡುಗರಿಗೆ ಬೇಕೆಂದೇ ಮೋಸ ಮಾಡುತ್ತಿದ್ದರು. ಆ ಮೋಸಕ್ಕೆ ಪುಡಿ ಕುಟ್ಟಿಕೊಡುತ್ತಿದ್ದವಳು ನಾನು.

ಭದ್ರಾವತಿಯಲ್ಲಿ ಅದಿರು ಪರೀಕ್ಷೆ ಮಾಡುವ ಲ್ಯಾಬಿಗೆ ಅವರು ದೊಡ್ಡವರು. ನಾನು ಗಾಜಿನ ಸಾಮಾನು ತೊಳೆದು, ಕಲ್ಲು ಕುಟ್ಟಿ ಜರಡಿ ಹಿಡಿಯುತ್ತಿದ್ದೆ. ನನ್ನ ಓದು ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು. ಎಂಎಸ್ಸಿ ಮುಗಿಸಿದವರು ಕೆಲವು ತಿಂಗಳು ಇವರ ಕೈಕೆಳಗೆ ದುಡಿಯಬೇಕು. ಇವರು ಹೂಂ ಅಂದರೆ ಡಾಕ್ಟರೇಟಿಗೆ ಬೆಂಗಳೂರು. ಹೂಂ ಅನ್ನುವ ಮೊದಲು ಒಂದೇ ಪುಡಿಯನ್ನು ಎರಡು ಪೊಟ್ಟಣ ಕಟ್ಟಿಸಿ, ಬೇರೆ ಬೇರೆ ಗಣಿಯ ಹೆಸರು ಬರೆದು, "ಕಬ್ಬಿಣ ಎಷ್ಟಿದೆ ನೋಡಿ" ಎಂದು ಕೊಡುತ್ತಿದ್ದರು.

ಹುಡುಗರು ಚುರುಕು. ಬಣ್ಣ ನೋಡಿಯೇ ಗುಟ್ಟು ಹಿಡಿದು, ಎರಡಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲದ ಉತ್ತರ ತರುತ್ತಿದ್ದರು.

"ಇನ್ನೂ ಹದ ಬಂದಿಲ್ಲ" ಎನ್ನುತ್ತಿದ್ದರು ಇವರು.

ಒಮ್ಮೆ ನನಗೆ ತಡೆಯಲಾಗಲಿಲ್ಲ. "ಸರಿ ಹೇಳ್ದೋರನ್ನೇ ಫೇಲ್ ಮಾಡ್ತೀರಲ್ಲ ಸಾರ್?"

"ಗೌರಮ್ಮ, ಒಂದೇ ಹಿಟ್ಟಲ್ಲಿ ಎರಡು ರೊಟ್ಟಿ ತಟ್ಟಿದ್ರೆ ಒಂದೇ ಥರ ಬರ್ತಾವಾ?"

"ಎಲ್ಲಿ ಬರ್ತಾವೆ!"

"ಮತ್ತೆ ಇವ್ರಿಗೆ ಹೆಂಗ್ ಬಂತು?"

ನಮ್ಮೂರಿನ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮಗ ನಾಗರಾಜನ ಸರದಿ ಬಂತು. ಶಿವಲಿಂಗಪ್ಪನವರು ಹೂಂ ಅನ್ನದಿದ್ದರೆ ಗಲ್ಲಾದಲ್ಲಿ ಕೂರು ಎಂದು ಅವನ ಅಪ್ಪ ಹೇಳಿಬಿಟ್ಟಿದ್ದರು. ಅವನು ನಾನು ಪಾತ್ರೆ ತೊಳೆಯುವಲ್ಲಿಗೆ ಬಂದ.

"ಗೌರಮ್ಮ, ಎರಡೂ ಒಂದೇ ಕಲ್ಲಲ್ವಾ? ನಂಗೆ ಉತ್ರ ಬೇರೆ ಬೇರೆ ಬರ್ತಿದೆ."

"ನನ್ನ ಕೆಲ್ಸ ಕಳೀತೀಯ ಮಾರಾಯ! ಹೋಗಾಚೆ."

ಮುಖ ಸಣ್ಣ ಮಾಡಿಕೊಂಡು ಸಾರ್ ಕೋಣೆಯೊಳಗೆ ಹೋದ. ನಾನು ಬಾಗಿಲಲ್ಲೇ ನಿಂತೆ.

"ಸಾರ್, ಎರಡೂ ಒಂದೇ ಅಂತ ಅನುಮಾನ. ಆದ್ರೆ ನನ್ನ ಕೈಗೆ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಮ್ಮಿ ಬಂದಿದೆ. ಯಾಕೆ ಅಂತ ತಿಳೀಲಿಲ್ಲ."

ಶಿವಲಿಂಗಪ್ಪನವರು ಕನ್ನಡಕ ತೆಗೆದರು.

"ಬೆಂಗಳೂರಿಗೆ ಯಾವತ್ತು ಹೊರಡ್ತೀಯ?"

ನಿವೃತ್ತರಾದ ಮೇಲೆ ಒಮ್ಮೆ ಮಲವಗೊಪ್ಪದ ನಮ್ಮ ಮನೆಗೆ ಬಂದರು. ಬಹಳ ಇಳಿದುಹೋಗಿದ್ದರು. ಒಂದೇ ಪಾತ್ರೆಯ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ ಮುಂದಿಟ್ಟೆ.

"ಇದು ಕೋಟೆ ಅಂಗಡಿ ಪುಡಿ, ಇದು ಬಜಾರಿಂದು. ಯಾವುದು ಚೆನ್ನಾಗಿದೆ ಹೇಳಿ."

ನನ್ನ ಮುಖ ನೋಡಿದರು. ಗುಟ್ಟು ಆಗಲೇ ಗೊತ್ತಾಗಿತ್ತು. ಆದರೂ ಎರಡನ್ನೂ ನಿಧಾನವಾಗಿ ಕುಡಿದರು.

"ಒಂದೇ ಪಾತ್ರೇದು ಕಣೇ. ಆದ್ರೆ ಈ ಎರಡನೇದು ನನ್ನ ನಾಲಿಗೆಗೆ ಚೂರು ಕಹಿ. ಯಾಕೋ ಗೊತ್ತಿಲ್ಲ."

"ಹದ ಬಂದಿದೆ ಸಾರ್" ಎಂದೆ.

ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಅವರನ್ನು ನಾನು ನೋಡಲಿಲ್ಲ.