ತಂತಿಯಿಲ್ಲದ ಕಂಬಗಳು

ರೇಷ್ಮೆಗೂಡಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಅಕ್ಕೂರಿನ ಪಕ್ಕದ ನಮ್ಮೂರಲ್ಲಿ ಹುಳುಗಳು ನಡುಮನೆಯಲ್ಲಿ ಮಲಗುತ್ತಿದ್ದವು, ಮನುಷ್ಯರು ಜಗಲಿಯಲ್ಲಿ. ನಾನಾಗ ಗ್ರಾಮಸೇವಕ. ಗರಿಗರಿ ಪ್ಯಾಂಟು, ಅದಕ್ಕಿಂತ ಗರಿಗರಿಯಾದ ಮಾತು.

ಆ ವರ್ಷ ಕಡಲೆಕಾಯಿ ಹೊಲಗಳಿಗೆ ಕಂಬಳಿಹುಳು ಬಿದ್ದು, ಔಷಧಿ ಸಿಂಪಡಿಸಲು ಪುಟ್ಟ ವಿಮಾನ ಬರುತ್ತದೆಂದಾಯಿತು. ಅದು ತೆಂಗಿನಗರಿ ಸವರುವಷ್ಟು ಕೆಳಗೆ ಹಾರುವುದರಿಂದ, ಹೊಲಹೊಲ ನಡೆದು ಅಡ್ಡ ಬರುವ ಮರ, ಕಂಬ, ತಂತಿಗಳ ಪಟ್ಟಿ ಮಾಡುವುದು ನನ್ನ ಕೆಲಸ. ಬಿಸಿಲು ಜೋರಿತ್ತು. ಟೀ ಅಂಗಡಿಯ ಬೆಂಚಿನಲ್ಲಿ ಕೂತು, ನೆನಪಿನಿಂದಲೇ ಬರೆದು ಮುಗಿಸಿದೆ.

ಸಂಜೆ ಮನೆಯಲ್ಲಿ ಜಂಬ ಕೊಚ್ಚಿದೆ: “ಪೈಲಟ್‌ಗೆ ಮ್ಯಾಲಿಂದ ತಂತಿ ಕಾಣಾಕಿಲ್ಲ ಕಣವ್ವ. ಕಂಬ ಕಂಡ್ರೆ ತಂತಿ ಐತೆ ಅಂದ್ಕಂಡು ಆ ಕಡೀಕೇ ಬರಾಕಿಲ್ಲ.”

ಸೊಪ್ಪು ಕತ್ತರಿಸುತ್ತಿದ್ದ ಅವ್ವನ ಕೈ ನಿಂತಿತು. ಅವಳ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು. ಇನ್ನು ಆರೇಳು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ನಮ್ಮ ಹಿಪ್ಪುನೇರಳೆ ತೋಟವೋ, ಕಡಲೆಕಾಯಿ ಹೊಲಕ್ಕೆ ಅಂಟಿಕೊಂಡೇ ಇತ್ತು. ಸೊಪ್ಪಿಗೆ ಔಷಧಿ ಹಾರಿತೋ, ತಿಂಗಳ ದುಡಿಮೆಯನ್ನು ಗುಡಿಸಿ ತಿಪ್ಪೆಗೆ ಹಾಕಬೇಕಿತ್ತು.

“ತಂತಿ ಇಲ್ದಿದ್ರೂ ಬರಾಕಿಲ್ವಾ?” ಎಂದಳು.

“ಅವ್ನಿಗೇನ್ ಗೊತ್ತಾಯ್ತದೆ?” ಎಂದೆ ನಾನು, ದಡ್ಡ.

ಬೆಳಿಗ್ಗೆ ನೋಡಿದರೆ ತೋಟದ ಸುತ್ತ ಹನ್ನೆರಡು ಬೊಂಬು ನಿಂತಿದ್ದವು. ಅವ್ವನನ್ನು ನೋಡಿ ಊರೇ ಶುರುಮಾಡಿತು. ಬೊಂಬು ಸಿಗದವರು ಒನಕೆಗೆ ಒನಕೆ ಕಟ್ಟಿ ನೆಟ್ಟರು. ಒಬ್ಬ ಮಹಾಶಯ ಮಂಚವನ್ನೇ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದ. ಬೀದಿದೀಪಕ್ಕೆ ಅರ್ಜಿ ಹಾಕಿ ಹಾಕಿ ಸೋತ ಊರಿಗೆ ಒಂದೇ ಬೆಳಗಿಗೆ ಅಷ್ಟೊಂದು ಕಂಬ! ವಿಮಾನ ಬಂತು, ಎರಡು ಸುತ್ತು ಹಾಕಿತು, ವಾಪಸ್ ಹೋಯಿತು.

ಮಧ್ಯಾಹ್ನ ಜೀಪಿನಲ್ಲಿ ಪೈಲಟ್ಟೇ ಬಂದ. ನನ್ನ ಪಟ್ಟಿ ಬೀಸುತ್ತಾ, “ಇದರಲ್ಲಿರೋದು ಏಳು ಕಂಬ. ಅಲ್ಲಿರೋದು ಕಾಡು!” ಎಂದ. ನಾನು ಅವ್ವನ ಹಿಂದಕ್ಕೆ ಸರಿದೆ. ಅವ್ವ ಮುಂದೆ ಬಂದಳು.

“ನಾನೇ ನೆಟ್ಟಿದ್ದು ಕಣಪ್ಪ. ಒಳೀಕ್ ಬಂದು ಒಸಿ ನೋಡು, ಆಮ್ಯಾಕೆ ಬೈಯಿ. ಆ ಬಟ್ಟೇಲಿ ಮಾತ್ರ ಬರಬ್ಯಾಡ, ಔಸ್ದಿ ವಾಸ್ನೆ.”

ಪಾಪ, ಅವನು ಎರಡೆರಡು ಸಲ ಕೈಕಾಲು ತೊಳೆದು, ಅಪ್ಪನ ಚೌಕಳಿ ಲುಂಗಿ ಸುತ್ತಿಕೊಂಡು, ಬರಿಮೈಯಲ್ಲಿ ಒಳಗೆ ಬಂದ. ಅವ್ವ ಅವನ ಅಂಗೈ ಮೇಲೊಂದು ಹುಳು ಇಟ್ಟಳು. ಅದು ತಲೆಯೆತ್ತಿ ಅವನನ್ನೇ ನೋಡಿತು. ಅವನ ಸಿಟ್ಟು ಇಳಿಯಿತು.

“ಅಮ್ಮಾ, ನಿಮ್ಮ ತೋಟಗಳ ಹತ್ತಿರ ಬರೋದಿಲ್ಲ. ಆದರೆ ಈ ಕಂಬಗಳ ನಡುವೆ ನಿಜವಾದ ತಂತಿ ಎಲ್ಲಿದೆ, ತೋರಿಸಿ.”

ಅವ್ವ ಅವನನ್ನು ಕಡಲೆಕಾಯಿ ಹೊಲಕ್ಕೆ ಕರೆದುಕೊಂಡು ಹೋದಳು. ಪಂಪ್‌ಸೆಟ್ಟಿಗೆಂದು ಹೊಸದಾಗಿ ಎಳೆದ ತಂತಿ ಹೊಲದ ಮೇಲೆ ಅಡ್ಡ ಹಾದಿತ್ತು. ಕಂಬ ಹುಣಸೆಮರದ ಕೊಂಬೆಗಳಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಅವನು ಪಟ್ಟಿ ನೋಡಿದ. ಮತ್ತೆ ನೋಡಿದ. ಅದರಲ್ಲಿ ಈ ತಂತಿ ಇರಲಿಲ್ಲ.

“ಬೆಳಿಗ್ಗೆ ಔಷಧಿ ಹೊಡೆಯೋಕೆ ವಿಮಾನಾನ ಇಲ್ಲೇ ಕೆಳಗೆ ತರೋನಿದ್ದೆ. ನಿಮ್ಮ ಬೊಂಬು ನೋಡಿ ಮೇಲೆತ್ತಿದೆ,” ಎಂದ ಮೆಲ್ಲಗೆ.

ಅವ್ವ ನನ್ನ ಕಡೆ ತಿರುಗಿದಳು. “ನಿನ್ನೆ ನಿನ್ ಪ್ಯಾಂಟ್ ಒಗೀವಾಗ್ಲೇ ಅಂದ್ಕಂಡೆ ಕಣ್ಲಾ. ಹೊಲ ಸುತ್ತಿ ಬಂದೋನ ಬಟ್ಟೇಲಿ ಒಂದು ಉತ್ತರಾಣಿ ಬೀಜನೂ ಅಂಟಿರ್ನಿಲ್ಲ.”

ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ. ಅವತ್ತು ಊರಿನ ಒಂದೊಂದು ಬದುವನ್ನೂ ತುಳಿದೆ. ನನ್ನನ್ನು ನಂಬದ ಪೈಲಟ್ ಅಪ್ಪನ ಲುಂಗಿಯಲ್ಲೇ ಹಿಂದೆ ಬಂದ. ಅವ್ವನ ಹುಳುಗಳು ಸುಖವಾಗಿ ಗೂಡು ಕಟ್ಟಿದವು. ಪ್ಯಾಂಟಿನ ಉತ್ತರಾಣಿಯನ್ನು ಮಾತ್ರ ಅವಳು ಕಿತ್ತುಕೊಡಲಿಲ್ಲ. ಜಗಲಿಯಲ್ಲಿ ಕೂತು ನಾನೇ ಒಂದೊಂದಾಗಿ ಕಿತ್ತೆ.