ಅಂದಾನೆಪ್ಪನವರ ಗೆಳೆಯ ಕೇಳಿದ ಪ್ರಶ್ನೆಗಳು

ಅಂದಾನೆಪ್ಪನವರ ಮನೆಗೆ ಹೋದವರು ಗರಾಜಿನ ಬಾಗಿಲಿಗೆ ಬೆನ್ನು ಮಾಡಿ ಕೂರಬೇಕಿತ್ತು. ಸೋಫಾವನ್ನೇ ಹಾಗೆ ತಿರುಗಿಸಿ ಹಾಕಿದ್ದರು. ಮಾತಿನ ನಡುವೆ ಯಾರಾದರೂ ಕತ್ತು ಹೊರಳಿಸಿದರೆ ಅವರ ಹುಬ್ಬು ಮೇಲೇರುತ್ತಿತ್ತು. "ಏನ್ ನೋಡಾಕತ್ತೀರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎದ್ದು ಹೋಗಿ ಚಿಲಕ ಅಲ್ಲಾಡಿಸಿ ನೋಡಿ ಬರುತ್ತಿದ್ದರು. ಆ ಕಾಲದ ಸ್ಯಾನ್ ಹೊಸೆಯಲ್ಲಿ ಎಲ್ಲರ ಗರಾಜಿನಲ್ಲೂ ಏನೋ ಒಂದು ಹುಟ್ಟುತ್ತಿದೆ ಎಂಬ ಸುದ್ದಿಯಿತ್ತು ಬಿಡಿ. ನಮ್ಮ ಗರಾಜಿನಲ್ಲಿ ಮಾತ್ರ ಹಳೇ ಸೂಟ್‌ಕೇಸುಗಳಿದ್ದವು.

ಅವರು ಗದಗಿನ ಕಡೆಯವರು. ಎಂಬತ್ತರ ದಶಕದ ನಡುವಿನಲ್ಲಿ ನನಗೆ ಪರಿಚಯವಾದಾಗ ವಯಸ್ಸು ಐವತ್ತೈದು ದಾಟಿತ್ತು. ಡಿಸ್ಕ್ ಡ್ರೈವು ಮಾಡುವ ಕಾರ್ಖಾನೆಯೊಂದರಲ್ಲಿ ಅಚ್ಚುಗಳನ್ನು ತಯಾರಿಸುವ ಎಂಜಿನಿಯರು. ಕುಳ್ಳು ಆಳು, ದಪ್ಪ ಕನ್ನಡಕ, ಹಣೆಯಲ್ಲಿ ತೆಳ್ಳಗೆ ವಿಭೂತಿ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಒಂದು ಕಂಪನಿಯದು, ಒಂದು ಸ್ವಂತದ್ದು. ಕಂಪನಿಯ ಪೆನ್ನನ್ನು ಕಾರಿನಲ್ಲೇ ಬಿಟ್ಟು ಮನೆಯೊಳಗೆ ಬರುತ್ತಿದ್ದರು. ಆ ಪೆನ್ನಿನಿಂದ ಮನೆಯಲ್ಲಿ ಒಂದು ಗೆರೆ ಎಳೆದರೂ ಗೆರೆ ಕಂಪನಿಯ ಪಾಲಾಗುತ್ತದೆ ಎಂದು ಅವರ ಹೆದರಿಕೆ. ಅದಕ್ಕೆ ಕಾರಣವೂ ಇತ್ತು. ಹಿಂದೆ ಬೇರೆ ರಾಜ್ಯದಲ್ಲಿ ಕೆಲಸದಲ್ಲಿದ್ದಾಗ ಅವರು ಯೋಚಿಸಿ ಮಾಡಿದ, ಸಾಮಾನು ಬಿಗಿಹಿಡಿಯುವ ಒಂದು ಕ್ಲಾಂಪಿಗೆ ಮೇಲಧಿಕಾರಿ ತನ್ನ ಹೆಸರಿನಲ್ಲಿ ಪೇಟೆಂಟು ತೆಗೆದುಕೊಂಡಿದ್ದ. "ನಾ ಹಡದೆ, ಅಂವ ತೊಟ್ಟಲಕ್ಕ ಹಾಕಿ ಹೆಸರಿಟ್ಟ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಗರಾಜಿನಲ್ಲಿ ಇದ್ದದ್ದು ಜೋಳದ ರೊಟ್ಟಿ ತಟ್ಟುವ ಯಂತ್ರ. ಅವರ ಹೆಂಡತಿ ಗಿರಿಜಕ್ಕನಿಗೆ ಮಣಿಕಟ್ಟಿನ ನೋವು. ನಾಲ್ಕು ರೊಟ್ಟಿ ತಟ್ಟುವಷ್ಟರಲ್ಲಿ ಕೈ ಊದಿಕೊಳ್ಳುತ್ತಿತ್ತು. ರೊಟ್ಟಿಯಿಲ್ಲದೆ ಅಂದಾನೆಪ್ಪನವರಿಗೆ ಊಟವೇ ಸೇರದು. ಆರು ವರ್ಷ ಕೂತು ಆ ಯಂತ್ರ ಮಾಡಿದ್ದರು. ಹಿಡಿ ತಿರುಗಿಸಿದರೆ ಕೆಳಗಿನ ತಟ್ಟೆ ನಿಧಾನವಾಗಿ ಸುತ್ತುತ್ತಿತ್ತು, ಮೇಲಿನಿಂದ ಅಂಗೈಯಗಲದ ಮರದ ಹಲಗೆ ಪಟಪಟನೆ ಬಡಿಯುತ್ತಿತ್ತು. ಹಿಟ್ಟಿನ ಉಂಡೆ ಎಲ್ಲೂ ಬಿರಿಯದೆ ಹರಡಿಕೊಳ್ಳುತ್ತಿತ್ತು. ಜೋಳ ಬೇಕಲ್ಲ, ಅದಕ್ಕೆ ಮಾರ್ಗನ್ ಹಿಲ್ಲಿನ ದನದ ಮೇವಿನ ಅಂಗಡಿಗೆ ಹೋಗುತ್ತಿದ್ದರು. ಕಾಳಿಗೆ ಔಷಧಿ ಹೊಡೆದಿದ್ದಾರೆಯೇ ಎಂದು ಅಂಗಡಿಯವನನ್ನು ಮೂರು ಸಲ ಕೇಳುತ್ತಿದ್ದರು, ಮೂರೂ ಸಲ ಅವನ ಮುಖವನ್ನೇ ನೋಡುತ್ತಿದ್ದರು. ಎಷ್ಟು ದನ ಇವೆ ಎಂದು ಅವನು ಕೇಳಿದರೆ ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಅವನೂ ಏನೋ ಪತ್ತೆ ಮಾಡಲು ಕೇಳುತ್ತಿದ್ದಾನೆ ಎಂದು ಅನುಮಾನ.

ಇಷ್ಟು ಗುಟ್ಟಿನ ಯಂತ್ರವನ್ನು ಅವರು ಒಂದೇ ಒಂದು ಸಲ ಮನೆಯಿಂದ ಹೊರಗೆ ತಂದಿದ್ದರು. ಒಂದು ಬಸವ ಜಯಂತಿಗೆ ಬಾಡಿಗೆಯ ಶಾಲೆಯೊಂದರಲ್ಲಿ ನಮ್ಮವರ ಊಟ ಏರ್ಪಾಡಾಗಿತ್ತು. ರೊಟ್ಟಿ ನನ್ನದು ಎಂದು ಗಿರಿಜಕ್ಕ ಒಪ್ಪಿಕೊಂಡುಬಿಟ್ಟಿದ್ದರು. ಹಿಂದಿನ ದಿನ ಕೈ ಊದಿತು. ಅಂದಾನೆಪ್ಪನವರು ಬೆಳಿಗ್ಗೆ ಯಂತ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದು ಶಾಲೆಯ ಅಡಿಗೆಮನೆಯಲ್ಲಿಟ್ಟು, ಶೀಟು ತೆಗೆದು, "ಹೂಂ, ನಡೀರಿ" ಎಂದು ಪಕ್ಕಕ್ಕೆ ನಿಂತರು. ಆರು ಜನ ಹೆಂಗಸರು ಸರದಿಯ ಮೇಲೆ ಹಿಡಿ ತಿರುಗಿಸಿದೆವು. ನಾನೂ ಒಬ್ಬಳು. ಬೆಂಗಳೂರಿನವಳಾದ ನನಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಅವತ್ತು ಮೂವತ್ತು ಮಾಡಿ ಬೀಗಿದ್ದೇ ಬೀಗಿದ್ದು. ಬಂದವರೆಲ್ಲ ಅಡಿಗೆಮನೆಗೆ ಇಣುಕಿ ನೋಡಿ ಹೋದರು. ಮಾರನೆಯ ದಿನದಿಂದ ಯಂತ್ರ ಮತ್ತೆ ಗುಟ್ಟಾಯಿತು. ಅದರ ಮಾತೆತ್ತಿದರೆ ಅಂದಾನೆಪ್ಪನವರು, "ಯಾವ ಯಂತ್ರ?" ಎನ್ನುತ್ತಿದ್ದರು.

ಅದಾಗಿ ಐದಾರು ತಿಂಗಳಿಗೆ ನನಗೆ ವಾಲ್ಟರ್ ಎಂಬ ಪೇಟೆಂಟ್ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಸುದ್ದಿ ತಿಳಿದ ವಾರದಿಂದಲೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂದಾನೆಪ್ಪನವರ ಫೋನು ಬರತೊಡಗಿತು.

"ತಂಗೀ, ನನ್ನ ಗೆಳೆಯಾ ಒಬ್ಬಾಂವ ಅದಾನ. ಅವಗೊಂದು ಅನುಮಾನ ಬಂದೈತಿ."

ಆ ಗೆಳೆಯನಿಗೆ ಬರದ ಅನುಮಾನವೇ ಇರಲಿಲ್ಲ. ನಕ್ಷೆಯನ್ನು ಲಕೋಟೆಯಲ್ಲಿಟ್ಟು ತನ್ನ ವಿಳಾಸಕ್ಕೆ ತಾನೇ ರಿಜಿಸ್ಟರ್ ಮಾಡಿ, ಬಂದದ್ದನ್ನು ಒಡೆಯದೆ ಇಟ್ಟುಕೊಂಡರೆ ಸಾಕೇ? ಸಾಲದು ಎಂದೆ. ಆಮೇಲೆ ಗಿರಿಜಕ್ಕನಿಂದ ತಿಳಿಯಿತು, ಅಂಥ ಹನ್ನೊಂದು ಲಕೋಟೆ ಆಗಲೇ ಟ್ರಂಕಿನಲ್ಲಿದ್ದವಂತೆ. ಮನೆಯಲ್ಲಿ ಸ್ವಂತ ಸಾಮಾನಿನಿಂದ ರಜೆಯ ದಿನ ಮಾಡಿದ್ದು ಕಂಪನಿಗೆ ಸೇರುತ್ತದೆಯೇ? ಕಂಪನಿಯ ವ್ಯವಹಾರಕ್ಕೆ ಸಂಬಂಧ ಇಲ್ಲದಿದ್ದರೆ ಈ ರಾಜ್ಯದ ಕಾನೂನಿನಂತೆ ಸೇರುವುದಿಲ್ಲ ಎಂದೆ. "ರೊಟ್ಟಿಗೂ ಡಿಸ್ಕಿಗೂ ಸಂಬಂಧ ಇಲ್ಲಲ್ಲ? ಎರಡೂ ದುಂಡಗ ತಿರುಗತಾವ, ಅದರ ಮ್ಯಾಲೆ ಹಿಡೀತಾರೇನು?" ಎಂದು ಕೇಳಿದರು. ತಮಾಷೆಯಲ್ಲ, ನಿಜವಾಗಿಯೇ ಕೇಳಿದ್ದು. ಇಲ್ಲಿಯ ಪೇಟೆಂಟು ಜೋಳದ ಸೀಮೆಯಾದ ಸೊಲ್ಲಾಪುರದಲ್ಲಿ ನಡೆಯುತ್ತದೆಯೇ? ಇಲ್ಲ, ಅಲ್ಲಿ ಬೇರೆ ಹಾಕಬೇಕು. "ನಾ ಇಂಡಿಯಾದಾಂವ, ನನಗ ಕೊಡತಾರೇನು?"

"ನಿಮಗಾ, ನಿಮ್ಮ ಗೆಳೆಯರಿಗಾ?" ಎಂದೆ, ಕೆಣಕಲೆಂದೇ.

"ಅವಗನ, ಅವಗನ" ಎಂದು ಫೋನಿಟ್ಟರು.

ದೊಡ್ಡ ಪ್ರಶ್ನೆ ಬೇರೆಯಿತ್ತು. ವಕೀಲನ ಕಿವಿಗೆ ಹಾಕಿದ ಮೇಲೆ ಅವನೇ ತನ್ನ ಹೆಸರಿನಲ್ಲಿ ಬರೆದುಕೊಂಡರೆ? ಹಾಗೆ ಮಾಡುವಂತಿಲ್ಲ, ಕೇಳಿದ್ದನ್ನು ಅವರು ಹೊರಗೆ ಬಿಡುವಂತಿಲ್ಲ, ಅದು ಕಟ್ಟುಪಾಡು ಎಂದು ಹತ್ತು ಭಾನುವಾರ ಹೇಳಿದೆ. "ಕಟ್ಟುಪಾಡು ಐತಿ, ಖರೆ. ಮನಶ್ಯಾ ಹೆಂಗದಾನ?" ಎಂದು ಹತ್ತು ಭಾನುವಾರ ಕೇಳಿದರು. ಒಂದು ದಿನ ನೋಟ್‌ಬುಕ್ ತಂದು ನನ್ನಿಂದ ಸಾಕ್ಷಿ ಸಹಿ ಕೇಳಿದರು. ಯಾರು ಮೊದಲು ಕಂಡುಹಿಡಿದರು ಎಂಬ ಜಗಳ ಬಂದರೆ ಬೇಕಾಗುತ್ತದೆ, ಪುಟವನ್ನು ಓದಿ ಅರ್ಥ ಮಾಡಿಕೊಂಡವರು ತಾರೀಖು ಹಾಕಿ ಸಹಿ ಮಾಡಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ಪುಟದ ಮೇಲೆ ಟವೆಲ್ಲು ಹಾಸಿ, ಕೆಳಗೆ ಸಹಿಯಷ್ಟು ಜಾಗ ಬಿಟ್ಟು ಹಿಡಿದರು.

"ಅಲ್ಲಾ, ಓದದೆ ಹೇಗೆ ಸಹಿ ಹಾಕ್ಲಿ? ಅದರ ಹಿಡಿ ತಿರುಗಿಸಿದವಳು ನಾನು" ಎಂದೆ. ಮೈ ಉರಿದುಹೋಗಿತ್ತು.

ಅವರಿಗೆ ನಾಚಿಕೆಯಾಯಿತೋ ಏನೋ, ಟವೆಲ್ಲು ತೆಗೆದರು. ಓದಿ ಸಹಿ ಮಾಡುವವರೆಗೂ ನನ್ನ ಕಣ್ಣು ಯಾವ ಸಾಲಿನ ಮೇಲಿದೆ ಎಂದು ನೋಡುತ್ತಲೇ ಇದ್ದರು.

ಕೊನೆಗೆ ಮಾರನೆಯ ವರ್ಷದ ಸೆಪ್ಟೆಂಬರಿನಲ್ಲಿ ಬಂದರು. ಎಮರಿವಿಲ್‌ನ ಪಾತ್ರೆ ಕಂಪನಿಯೊಂದು, ಇವರು ಬರೆದು ಕೇಳಿದ್ದಕ್ಕೆ, ಪೇಟೆಂಟಿಗೆ ಅರ್ಜಿ ಹಾಕಿದ್ದರೆ ನಿಮ್ಮ ಯಂತ್ರ ನೋಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಕಾಗದ ಬರೆದಿತ್ತು. ಆ ಕಾಗದ ತೋರಿಸಿ ನನ್ನೊಡನೆ ಹೇಳಿದರು: "ಕ್ಲಾಂಪು ಹೋತು, ಹೋಗಲಿ. ಇದೊಂದಕ್ಕರೆ ನನ್ನ ಹೆಸರು ಇರಬೇಕು ತಂಗೀ. ಗಿರಿಜಾನ ಕೈನೋವಿನಾಗ ಹುಟ್ಟಿದ್ದಿದು." ಗೆಳೆಯನ ಹೆಸರು ಅವತ್ತು ಬರಲಿಲ್ಲ.

ವಾಲ್ಟರ್ ಎಲ್ಲರನ್ನೂ ಕೇಳುವಂತೆ ಕೇಳಿದರು: ಮಾರಿದ್ದೀರಾ? ಅಚ್ಚಿನಲ್ಲಿ ಬರೆದಿದ್ದೀರಾ? ಒಂದು ವರ್ಷಕ್ಕೂ ಹಿಂದೆ ಎಲ್ಲಾದರೂ ನಾಲ್ಕು ಜನರ ನಡುವೆ ಬಳಸಿದ್ದೀರಾ? ಬಳಸಿದ್ದರೆ ಪೇಟೆಂಟು ಸಿಗುವುದಿಲ್ಲ, ಈ ದೇಶದಲ್ಲಿ ಒಂದು ವರ್ಷದ ಗಡುವು. ಅಂದಾನೆಪ್ಪನವರು ಎದೆಯುಬ್ಬಿಸಿ, ನರಪಿಳ್ಳೆಗೂ ತೋರಿಸಿಲ್ಲ ಎಂದರು. ನಾನು ಮೂಲೆಯಲ್ಲಿ ಕೂತು ಅದನ್ನೇ ಬರೆದುಕೊಂಡೆ. ಊಟ ಬಡಿಸಿ ಬಂದದ್ದನ್ನು ಯಾರು ಕಾನೂನಿನ ಕಣ್ಣಿನಲ್ಲಿ ನೋಡುತ್ತಾರೆ? ನನಗೂ ಹೊಳೆಯಲಿಲ್ಲ. ಮಧ್ಯಾಹ್ನ ಟೈಪ್ ಮಾಡುವಾಗ 'ಬಳಸಿಲ್ಲ' ಎಂಬ ಸಾಲಿಗೆ ಬಂದೆ ನೋಡಿ, ಆಗ ನೆನಪಾಯಿತು. ಶಾಲೆಯ ಅಡಿಗೆಮನೆ, ಆರು ಹೆಂಗಸರು, ಇಣುಕಿ ಹೋದ ಮುಖಗಳು. ಬೆರಳು ಮಡಿಸಿ ಎಣಿಸಿದೆ. ಹದಿನಾರು ತಿಂಗಳಾಗಿತ್ತು.

ಸಂಜೆ ನೇರ ಅವರ ಮನೆಗೆ ಹೋದೆ. ಗಿರಿಜಕ್ಕ ಚಹಾ ಇಟ್ಟರು. ವಿಷಯ ಹೇಳಿದೆ. ಅಂದಾನೆಪ್ಪನವರು ನನ್ನನ್ನೇ ದಿಟ್ಟಿಸಿದರು.

"ಅದು ದಾಸೋಹ, ತಂಗೀ. ದಾಸೋಹದಾಗ ಮಾಡಿದ್ದನ್ನ ನಾ ಮಾಡೀನಿ ಅಂತ ಯಾರರ ಅಂತಾರೇನು? ಉಣಿಸಿದ ಕೂಡಲೇ ಮರತುಬಿಡಬೇಕು. ನಾ ಮರತೀನಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮನೆತನದಲ್ಲಿ ದಾಸೋಹಕ್ಕೆ ಕೊಟ್ಟದ್ದನ್ನು ಬಾಯಿಬಿಟ್ಟು ಹೇಳಿಕೊಂಡರೆ ಅದು ಹೊಲಸಾದಂತೆ. ಅವರ ತಂದೆ ಜಾತ್ರೆಗೆ ಹತ್ತು ಚೀಲ ಜೋಳ ಕೊಟ್ಟು, ಕೊಟ್ಟವರು ಯಾರೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದರಂತೆ. ಇದನ್ನೆಲ್ಲ ಇವತ್ತು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ಅವತ್ತು ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಹನ್ನೊಂದು ಲಕೋಟೆ ನೆನಪಿಟ್ಟವರಿಗೆ ಇದೊಂದು ಮರೆಯಿತೇ ಅನ್ನಿಸಿತು.

"ಯಾರ‍್ಯಾರಿಗೆ ಗೊತ್ತೈತಿ?" ಎಂದು ಕೇಳಿದರು.

"ಉಂಡವರಿಗೆಲ್ಲ ಗೊತ್ತು."

"ವಾಷಿಂಗ್ಟನ್‌ದಾಗ ಪೇಟೆಂಟ್ ಆಫೀಸಿನ್ಯಾಗ ಕುಂತಾಂವಗ ಗೊತ್ತೇನು?"

"ಇಲ್ಲ."

"ಮತ್ತ ನಿಮ್ಮ ವಕೀಲಗ?"

"ಇನ್ನೂ ಹೇಳಿಲ್ಲ" ಎಂದೆ. 'ಇನ್ನೂ' ಎಂದದ್ದು ಅವರಿಗೆ ಕೇಳಿಸಿತು. ಚಹಾ ಮುಗಿಸಿ ಎದ್ದೆ. ಬಾಗಿಲವರೆಗೂ ಬಂದು ಕಳಿಸುವವರು ಅವತ್ತು ಕೂತಲ್ಲಿಂದ ಏಳಲಿಲ್ಲ.

ಅರ್ಜಿಯಲ್ಲಿ ಬರೆದದ್ದೆಲ್ಲ ನಿಜ ಎಂಬ ಪ್ರಮಾಣಪತ್ರಕ್ಕೆ ಸಹಿ ಮಾಡುವುದು ಶುಕ್ರವಾರ ಎಂದು ನಿಗದಿಯಾಗಿತ್ತು. ನಡುವೆ ಮೂರು ದಿನ. ಸಂಶಯ ನೆಗಡಿಯ ಹಾಗೆ, ಹತ್ತಿರ ಕೂತವರಿಗೂ ಹತ್ತುತ್ತದೆ. ಅವರು ಕೇಳಿದ ಒಂದೊಂದು ಮಾತನ್ನೂ ತಿರುವಿ ಹಾಕಿ ನೋಡಿದೆ. ವಾಷಿಂಗ್ಟನ್ನಿನವನಿಗೆ ಗೊತ್ತೇ ಎಂದು ಯಾಕೆ ಕೇಳಿದರು? ಮುಚ್ಚಿಡುವ ಯೋಚನೆ ಇಲ್ಲದಿದ್ದರೆ ಯಾಕೆ ಕೇಳಬೇಕು? ಸಹಿ ಮಾಡಿಬಿಟ್ಟರೆ ಅದು ಸುಳ್ಳು ಪ್ರಮಾಣ, ಟೈಪ್ ಮಾಡಿದವಳು ನಾನು. ಒಮ್ಮೆ ಫೋನು ಮಾಡಿ ಏನು ಮಾಡುತ್ತೀರಿ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ನಿಜ ಹೇಳುತ್ತಾರೆ ಎಂಬ ನಂಬಿಕೆಯೂ ಉಳಿದಿರಲಿಲ್ಲ ನನಗೆ. ಶುಕ್ರವಾರ ಬೆಳಿಗ್ಗೆ ವಾಲ್ಟರ್ ಕೋಟು ಬಿಚ್ಚುವ ಮೊದಲೇ ಎಲ್ಲವನ್ನೂ ಒದರಿಬಿಟ್ಟೆ.

ಹತ್ತು ಗಂಟೆಗೆ ಅಂದಾನೆಪ್ಪನವರು ಬಂದರು, ಹೆಗಲ ಮೇಲೆ ಮಡಿಸಿದ ಟವೆಲ್ಲು, ಕೈಯಲ್ಲಿ ನೋಟ್‌ಬುಕ್ಕು. ಕೂರುವುದಕ್ಕೂ ಮುಂಚೆ ವಾಲ್ಟರ್‌ಗೆ ತಮ್ಮ ಇಂಗ್ಲಿಷಿನಲ್ಲಿ ಹೇಳಿದರು: ನಾನು ಮೊನ್ನೆ ತಪ್ಪು ಹೇಳಿದೆ. ಈ ಯಂತ್ರ ಹದಿನಾರು ತಿಂಗಳ ಹಿಂದೆ ಇಂಥ ಶಾಲೆಯಲ್ಲಿ ಇಂಥ ದಿನ ನಡೆದಿದೆ. ಹಿಡಿ ತಿರುಗಿಸಿದವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ತಂದಿದ್ದರು. ನನ್ನ ಹೆಸರು ಬಿಟ್ಟು ಐದೇ ಇದ್ದವು. ನನಗೆ ತೊಂದರೆಯಾದೀತು ಎಂದು ಬಿಟ್ಟಿದ್ದರು.

ವಾಲ್ಟರ್ ಒಳ್ಳೆಯ ಮನುಷ್ಯ. ಚೀಟಿ ನೋಡಿ ನಕ್ಕು, "ಹೌದು, ಇವಳು ಬೆಳಿಗ್ಗೆಯೇ ಹೇಳಿದಳು" ಎಂದುಬಿಟ್ಟರು. ಅಂದಾನೆಪ್ಪನವರು ನನ್ನ ಕಡೆ ತಿರುಗಿ ನೋಡಿದರು. ನಾನು ಟೈಪ್‌ರೈಟರಿನ ಕೀಲಿಗಳನ್ನು ನೋಡಿದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಾಲ್ಟರ್ ಒಂದು ದಾರಿ ತೋರಿಸಿದರು. ಅವತ್ತು ನಡೆದದ್ದು ಪರೀಕ್ಷೆಯಾಗಿದ್ದರೆ, ಯಂತ್ರ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ನೀವೇ ನಿಂತು ಮಾಡಿಸಿದ ಪ್ರಯೋಗವಾಗಿದ್ದರೆ, ಅದು ಲೆಕ್ಕಕ್ಕೆ ಬಾರದಿರಬಹುದು. ನೀವು ಪಕ್ಕದಲ್ಲೇ ನಿಂತಿದ್ದಿರಲ್ಲ, ಪ್ರಯೋಗವಾಗಿತ್ತೇ?

ಹೂಂ ಅಂದಿದ್ದರೆ ಸಾಕಿತ್ತು. ಅಂದಾನೆಪ್ಪನವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಉಣ್ಣಾಕ ಬಂದ ಶರಣರ ಮ್ಯಾಲೆ ಪ್ರಯೋಗ ಮಾಡಿದ್ದೆ ಅಂತ ನಾ ಬರಕೊಡೂದಿಲ್ಲ. ಯಂತ್ರ ಅದಕ್ಕೂ ಮೊದಲ ಪಕ್ಕಾ ಆಗಿತ್ತು. ಪಕ್ಕಾ ಆಗದ್ದನ್ನ ದಾಸೋಹಕ್ಕ ಒಯ್ತಾರೇನು? ಇಂವಗ ಅದನ್ನ ಹೇಳು." ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅದಕ್ಕೂ ನನ್ನ ಬಾಯೇ ಬೇಕಾಯಿತು. ಅರ್ಜಿ ಅಲ್ಲಿಗೆ ಮುಗಿಯಿತು.

ಆ ವರ್ಷದ ಕೊನೆಗೆ ಅವರು ನಿವೃತ್ತರಾಗಿ ಗಿರಿಜಕ್ಕನೊಡನೆ ಟೆಕ್ಸಸ್‌ನ ಮಗಳ ಮನೆಗೆ ಹೊರಟುಹೋದರು. ಹೋಗುವ ಮುಂಚೆ ಯಂತ್ರವನ್ನು ಬಸವ ಜಯಂತಿ ನಡೆಸುತ್ತಿದ್ದ ನಮ್ಮ ಸಂಘಕ್ಕೆ ಕೊಟ್ಟರು, ನೋಡಿಕೊಂಡು ಅಂಥದ್ದೇ ಮಾಡುತ್ತೇವೆ ಎಂದ ಇಬ್ಬರಿಗೆ ನಕ್ಷೆಯನ್ನೂ ಕೊಟ್ಟರಂತೆ. ನನಗೆ ಹೇಳದೆ ಹೋದರು. ಎರಡು ವರ್ಷದ ಮೇಲೆ, ಅವರು ತೀರಿಕೊಂಡರು ಎಂದು ಯಾರೋ ಗ್ರಾಸರಿ ಅಂಗಡಿಯಲ್ಲಿ ಹೇಳಿದರು. ಹಾಗಾಗಿ ಆ ಶುಕ್ರವಾರ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಆಡಿದ್ದೇ ನಮ್ಮ ಕೊನೆಯ ಮಾತು.

ಅವರ ಹಿಂದೆಯೇ ಓಡಿ ಹೋಗಿದ್ದೆ. ಕಾರಿನ ಬಾಗಿಲು ತೆರೆದು ನಿಂತಿದ್ದರು.

"ನಾ ಸುಳ್ಳು ಸಹಿ ಮಾಡತೀನಿ ಅನಿಸಿತೇನು ನಿನಗ?"

"ತಪ್ಪಾಯ್ತು, ನಿಮ್ಮನ್ನೇ ಒಂದು ಮಾತು ಕೇಳಬೇಕಾಗಿತ್ತು" ಎಂದೆ. ಅಳು ಬಂದಿತ್ತು.

"ಇರಲಿ ಬಿಡು" ಎಂದರು, ಸಿಟ್ಟಿಲ್ಲದೆ. "ವರ್ಷಾನುಗಟ್ಟಲೆ ನನ್ನ ಜೋಡಿ ಕುಂತು ಮತ್ತೇನ್ ಕಲೀತಿ ನೀನು?"

ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನುತ್ತಿದ್ದೆ.